ಕೂಸು ಅತ್ತಿದ್ದಕ್ಕೆ ಹರ್ನಿಯಾ ಬಂತೇ?

ಪ್ರಶ್ನೆ: ನನಗೆ 24 ವರ್ಷ, ಇದು ಚೊಚ್ಚಲ ಮಗು. ಬಿಪಿ ಏರಿತೆಂದು ಎಂಟನೇ ತಿಂಗಳಲ್ಲೇ ಸಿಸೇರಿಯನ್ ಮಾಡಿದರು. ಮಗನಿಗೆ ಈಗ ನಾಲ್ಕು ತಿಂಗಳು. ಹೋದ ವಾರ ನೀರು ಹಾಕುವಾಗ ಜೋರಾಗಿ ಅತ್ತ. ಬಲಗಡೆ ತೊಡೆಸಂದಿನಲ್ಲಿ ನೆಲ್ಲಿಕಾಯಿ ಗಾತ್ರದ ಉಬ್ಬು ಕಾಣಿಸಿತು. ಮಲಗಿದ ಮೇಲೆ ನೋಡಿದರೆ ಇರಲಿಲ್ಲ. ಮಕ್ಕಳ ಡಾಕ್ಟರು ಹರ್ನಿಯಾ ಎಂದು ಸರ್ಜನ್ ಹತ್ತಿರ ಕಳಿಸಿದರು. ಅವರು ‘ಆಪರೇಷನ್ ಆಗಲೇಬೇಕು, ಆದರೆ ಒಂದು ತಿಂಗಳು ಬಿಟ್ಟು ಬನ್ನಿ’ ಅಂದರು.

ಅಂದಿನಿಂದ ಮನೆಯಲ್ಲಿ ನೆಮ್ಮದಿ ಇಲ್ಲ. ‘ಕೂಸಿನ್ನ ಅಷ್ಟು ಅಳಿಸಬ್ಯಾಡ ಅಂದ್ರ ಕೇಳಲಿಲ್ಲ, ಈಗ ಕರುಳು ಇಳದೈತಿ ನೋಡು’ ಎಂದು ಅತ್ತೆ ಅನ್ನುತ್ತಾರೆ. ಬಸುರಿಯಿದ್ದಾಗ ನೀರಿನ ಕೊಡ ಎತ್ತಿದ್ದಕ್ಕೇ ಹೀಗಾಯಿತು ಅನ್ನುವವರೂ ಇದ್ದಾರೆ. ನಾದಿನಿಯ ಮಗಳಿಗೆ ಹೊಕ್ಕುಳು ಉಬ್ಬಿದ್ದಾಗ ಅತ್ತೆ ರೂಪಾಯಿ ನಾಣ್ಯ ಇಟ್ಟು ಬಟ್ಟೆ ಕಟ್ಟಿದ್ದರಂತೆ, ವಾಸಿಯಾಯಿತಂತೆ. ಇವನಿಗೂ ಹಾಗೇ ಕಟ್ಟೋಣ ಅನ್ನುತ್ತಾರೆ. ಮಾವನಿಗೂ ಬಹಳ ವರ್ಷದಿಂದ ಹರ್ನಿಯಾ ಇದೆ, ಅವರು ಯಾರಿಗೂ ತೋರಿಸಿಲ್ಲ. ‘ಅವರಿಗೆ ಏನಾಗೈತಿ? ಎಳೇ ಕೂಸಿನ ಮೈಗೆ ಕತ್ತರಿ ಯಾಕ?’ ಎಂದು ಕೇಳುತ್ತಾರೆ. ನಮ್ಮನೆಯವರು ಇತ್ತ ನನಗೂ ಹೂಂ, ಅತ್ತ ಅವ್ವನಿಗೂ ಹೂಂ. ಮಗ ಅಳಬಾರದೆಂದು ನಾನು ರಾತ್ರಿಯೆಲ್ಲ ಎತ್ತಿಕೊಂಡೇ ಕೂರುತ್ತೇನೆ. ಗಂಟೆಗೊಮ್ಮೆ ಬಟ್ಟೆ ಸರಿಸಿ ನೋಡುತ್ತೇನೆ. ಊಟ ಸೇರುತ್ತಿಲ್ಲ. ನನ್ನ ಮಗನಿಗೆ ಇದನ್ನು ನಾನೇ ತಂದೆನಾ?

– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೇ ಮೊದಲು ಉತ್ತರಿಸುತ್ತೇನೆ. ಇಲ್ಲ, ನೀವು ತಂದದ್ದಲ್ಲ. ನೀವು ಮಾಡಿದ ಯಾವ ಕೆಲಸದಿಂದಲೂ, ಮಾಡದೆ ಬಿಟ್ಟ ಯಾವ ಕೆಲಸದಿಂದಲೂ ಇದು ಬಂದಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ನಿಮ್ಮ ಎದೆಯ ಭಾರ ಇಳಿಯುವುದಿಲ್ಲ ಎನ್ನುವುದೂ ಗೊತ್ತು. ಬಾಣಂತಿ ಮೈ ಇನ್ನೂ ಪೂರ್ತಿ ಸುಧಾರಿಸಿಲ್ಲ. ತಿಂಗಳು ತುಂಬದೆ ಹುಟ್ಟಿದ ಮಗುವನ್ನು ಕಣ್ಣಲ್ಲಿ ಕಣ್ಣಿಟ್ಟು ನಾಲ್ಕು ತಿಂಗಳು ಸಾಕಿದ್ದೀರಿ. ಇನ್ನೇನು ಉಸಿರು ಬಿಡಬಹುದು ಅನ್ನುವಾಗ ಆಪರೇಷನ್ ಎಂಬ ಮಾತು ಕಿವಿಗೆ ಬಿದ್ದಿದೆ. ಅದರ ಮೇಲೆ ‘ನಿನ್ನಿಂದಲೇ’ ಎಂಬ ಮಾತು ಬೇರೆ. ಯಾವ ತಾಯಿಗಾದರೂ ಊಟ ಸೇರದು, ನಿದ್ದೆ ಬಾರದು. ನಿಮಗೆ ಆಗುತ್ತಿರುವ ಸಂಕಟ ಸಹಜವಾದದ್ದೇ.

ಮಗುವಿಗೆ ಏನಾದರೂ ಆದಾಗ ಮನೆಯವರು ಕಾರಣ ಹುಡುಕುತ್ತಾರೆ. ಕಾರಣ ಸಿಗದಿದ್ದರೆ ಎಲ್ಲರ ಕಣ್ಣೂ ತಾಯಿಯ ಮೇಲೆ ಬೀಳುತ್ತದೆ. ಕಡೆಗೆ ತಾಯಿಯೂ ತನ್ನನ್ನೇ ಅನುಮಾನಿಸತೊಡಗುತ್ತಾಳೆ. ನಿಮ್ಮ ವಿಷಯದಲ್ಲಿ ಕಾರಣ ಸ್ಪಷ್ಟವಾಗಿಯೇ ಇದೆ. ಅದನ್ನು ನಿಧಾನವಾಗಿ ಹೇಳುತ್ತೇನೆ. ನೀವು ಓದಿ, ಅತ್ತೆಯವರಿಗೂ ಓದಿ ಹೇಳಿ.

ನಮ್ಮ ಹೊಟ್ಟೆಯೊಳಗಿನ ಕರುಳನ್ನು ಸ್ನಾಯುಗಳ ಗೋಡೆಯೊಂದು ಒಳಗೇ ಹಿಡಿದಿಟ್ಟಿರುತ್ತದೆ. ಆ ಗೋಡೆಯಲ್ಲಿ ಎಲ್ಲಾದರೂ ಸಂದು ಉಳಿದಿದ್ದರೆ ಅಥವಾ ಒಂದು ಜಾಗ ಸಡಿಲವಾಗಿದ್ದರೆ ಕರುಳಿನ ತುಣುಕೋ ಒಳಗಿನ ಕೊಬ್ಬೋ ಅಲ್ಲಿಂದ ಹೊರಕ್ಕೆ ತೂರಿ ಚರ್ಮದಡಿ ಉಬ್ಬಿ ಕಾಣುತ್ತದೆ. ಇದೇ ಹರ್ನಿಯಾ. ದೊಡ್ಡವರಲ್ಲಿ ಸಾಮಾನ್ಯವಾಗಿ ಗೋಡೆ ಸಡಿಲವಾಗಿ ಬರುತ್ತದೆ. ಎಳೆ ಮಕ್ಕಳಲ್ಲಿ ಹುಟ್ಟುವ ಮೊದಲೇ ಇದ್ದ ಒಂದು ದಾರಿ ಮುಚ್ಚದೆ ಉಳಿದು ಬರುತ್ತದೆ. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆ ದಾರಿ ಎಲ್ಲಿಂದ ಬಂತು? ಗಂಡುಮಗುವಿನ ವೃಷಣಗಳು ಮೊದಲು ರೂಪುಗೊಳ್ಳುವುದು ಅದರ ಹೊಟ್ಟೆಯೊಳಗೆ, ಮೂತ್ರಪಿಂಡಗಳ ಹತ್ತಿರ. ಮಗು ಗರ್ಭದಲ್ಲಿ ಬೆಳೆಯುತ್ತಾ ಹೋದಂತೆ ಅವು ಕೆಳಗಿಳಿಯುತ್ತವೆ. ಸುಮಾರು ಏಳನೇ ತಿಂಗಳಿನಿಂದ ತೊಡೆಸಂದಿನ ದಾರಿ ಹಿಡಿದು ಹುಟ್ಟುವ ಹೊತ್ತಿಗೆ ತಮ್ಮ ಚೀಲ ಸೇರುತ್ತವೆ. ಹೀಗೆ ಇಳಿಯುವಾಗ ಹೊಟ್ಟೆಯ ಒಳಪದರವೂ ಜೊತೆಗೆ ಚಾಚಿಕೊಂಡು ಬರುತ್ತದೆ. ನಿಮ್ಮ ಕಡೆ ಹಿರಿಯರು ಸೊಂಟಕ್ಕೆ ಸಿಗಿಸಿಕೊಳ್ಳುವ ಎಲೆಅಡಿಕೆ ಸಂಚಿಯಂತೆ ಅದು. ಬಾಯಿ ಮೇಲೆ ಹೊಟ್ಟೆಯ ಕಡೆಗಿದ್ದರೆ ತಳ ಕೆಳಗಿರುತ್ತದೆ. ವೃಷಣ ಇಳಿದ ಮೇಲೆ, ಹೆರಿಗೆಯ ಆಸುಪಾಸಿನಲ್ಲಿ, ಈ ಸಂಚಿಯ ಬಾಯಿ ತಾನಾಗಿ ಮುಚ್ಚಿಕೊಳ್ಳಬೇಕು. ಕೆಲವು ಮಕ್ಕಳಲ್ಲಿ ಮುಚ್ಚಿಕೊಳ್ಳುವುದಿಲ್ಲ. ತೆರೆದ ಬಾಯಿಯೊಳಗೆ ಕರುಳು ಜಾರಿದರೆ ಹರ್ನಿಯಾ. ಬಾಯಿ ತೀರಾ ಸಣ್ಣದಾಗಿ ಬರೀ ನೀರು ಇಳಿದರೆ ಅದು ಹೈಡ್ರೋಸಿಲ್. ಬಲಗಡೆಯ ವೃಷಣ ಎಡಗಡೆಯದಕ್ಕಿಂತ ತಡವಾಗಿ ಇಳಿಯುವುದರಿಂದ ಬಲಗಡೆ ಹರ್ನಿಯಾ ಹೆಚ್ಚು ಎಂದು ಡಾಕ್ಟರುಗಳು ಹೇಳುತ್ತಾರೆ. ನಿಮ್ಮ ಮಗನಿಗೂ ಬಲಗಡೆಯೇ.

ಈಗ ನಿಮ್ಮ ಮೇಲಿನ ಆರೋಪಗಳನ್ನು ಒಂದೊಂದಾಗಿ ನೋಡೋಣ. ತಿಂಗಳು ತುಂಬಿ ಹುಟ್ಟಿದ ನೂರು ಮಕ್ಕಳಲ್ಲಿ ಒಂದರಿಂದ ಐದು ಮಕ್ಕಳಿಗೆ ಈ ಹರ್ನಿಯಾ ಕಾಣಿಸಿಕೊಳ್ಳುತ್ತದೆ. ಬೇಗ ಹುಟ್ಟಿದ ಮಕ್ಕಳಲ್ಲಿ ಇದು ಹಲವು ಪಟ್ಟು ಹೆಚ್ಚು, ಏಕೆಂದರೆ ಸಂಚಿಯ ಬಾಯಿ ಮುಚ್ಚುವುದಕ್ಕೆ ಇನ್ನೂ ಸಮಯ ಬೇಕಿದ್ದಾಗಲೇ ಅವು ಹೊರಗೆ ಬಂದಿರುತ್ತವೆ. ನಿಮ್ಮ ಮಗನನ್ನು ಬೇಗ ಹೊರತೆಗೆದದ್ದು ನಿಮ್ಮ ಬಿಪಿ ಏರಿತೆಂದು, ಇಬ್ಬರ ಜೀವ ಉಳಿಸುವುದಕ್ಕೆ. ನೀರಿನ ಕೊಡಕ್ಕೂ ಈ ಸಂಚಿಗೂ ಯಾವ ಸಂಬಂಧವೂ ಇಲ್ಲ. ಇನ್ನು ಅಳು. ಮಗು ಅತ್ತಾಗ, ಮುಕ್ಕಿದಾಗ ಹೊಟ್ಟೆಯೊಳಗೆ ಒತ್ತಡ ಏರುತ್ತದೆ, ಆಗ ಕರುಳು ಸಂಚಿಗೆ ಜಾರಿ ಉಬ್ಬು ಕಾಣುತ್ತದೆ. ದಾರಿ ಮೊದಲೇ ಇತ್ತು, ಅಳುವಾಗ ಕಣ್ಣಿಗೆ ಬಿತ್ತು, ಅಷ್ಟೇ. ಒಂದು ಲೆಕ್ಕದಲ್ಲಿ ಅಂದು ಅವನು ಜೋರಾಗಿ ಅತ್ತದ್ದು ಒಳ್ಳೆಯದೇ ಆಯಿತು. ನಿಮಗೆ ಬೇಗ ಗೊತ್ತಾಯಿತು.

ಅತ್ತೆಯವರ ಮಾತಿಗೆ ಬರೋಣ. ಅವರು ಹಟಕ್ಕೆ ಮಾತನಾಡುತ್ತಿದ್ದಾರೆ ಎಂದು ನನಗನ್ನಿಸುವುದಿಲ್ಲ. ಎಳೆ ಕೂಸಿನ ಮೈಗೆ ಕತ್ತರಿ ತಾಗುವುದನ್ನು ನೆನೆದರೆ ಅವರಿಗೂ ಹೊಟ್ಟೆ ಚುರುಕ್ ಅನ್ನುತ್ತದೆ. ತಾವು ಕಣ್ಣಾರೆ ಕಂಡ ಎರಡು ಸಂಗತಿಗಳನ್ನು ಅವರು ನೆಚ್ಚಿಕೊಂಡಿದ್ದಾರೆ. ಎರಡೂ ನಿಜವೇ. ಆದರೆ ಎರಡೂ ಬೇರೆ ಬಗೆಯ ಹರ್ನಿಯಾಗಳು.

ಮೊದಲನೆಯದು ನಾದಿನಿಯ ಮಗಳ ಹೊಕ್ಕುಳು. ಕರುಳಬಳ್ಳಿ ಹಾದುಬಂದ ಜಾಗದಲ್ಲಿ ಹೊಟ್ಟೆಯ ಗೋಡೆಗೆ ಒಂದು ಉಂಗುರದಂಥ ಕಿಂಡಿ ಇರುತ್ತದೆ. ಅದು ತಡವಾಗಿ ಮುಚ್ಚಿದ ಮಕ್ಕಳಲ್ಲಿ ಹೊಕ್ಕುಳು ಉಬ್ಬುತ್ತದೆ. ಇದು ಬಹುಪಾಲು ಮಕ್ಕಳಲ್ಲಿ ನಾಲ್ಕೈದು ವರ್ಷದೊಳಗೆ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಆ ಮಗುವಿಗೆ ನಾಣ್ಯ ಕಟ್ಟದಿದ್ದರೂ ಬಹುಶಃ ವಾಸಿಯಾಗುತ್ತಿತ್ತು. ಹೊಕ್ಕುಳಿಗೂ ನಾಣ್ಯ ಕಟ್ಟದಿರುವುದೇ ಒಳ್ಳೆಯದು. ಬೆವರು ನಿಂತು ಚರ್ಮ ಕೆಂಪಾಗಿ ಹುಣ್ಣಾಗುತ್ತದೆ, ಕೀವಾಗುವುದೂ ಉಂಟು. ತೊಡೆಸಂದಿನ ಹರ್ನಿಯಾ ಹೊಕ್ಕುಳಿನ ಹಾಗೆ ತಾನಾಗಿ ವಾಸಿಯಾಗುವಂಥದ್ದಲ್ಲ. ಅಲ್ಲಿ ನಾಣ್ಯ ಕಟ್ಟಿ ಬಿಗಿದರೆ ಇಳಿದ ಕರುಳಿನ ಮೇಲೆ ಒತ್ತಡ ಬೀಳಬಹುದು. ಉಬ್ಬು ಬಟ್ಟೆಯಡಿ ಮರೆಯಾಗಿ, ಗಟ್ಟಿಯಾದರೂ ಯಾರಿಗೂ ಕಾಣದೆ ಹೋಗಬಹುದು. ದಯವಿಟ್ಟು ಏನನ್ನೂ ಕಟ್ಟಬೇಡಿ. ಬೆಲ್ಟು, ಪಟ್ಟಿ, ಸೊಪ್ಪಿನ ಲೇಪ ಯಾವುದೂ ಬೇಡ.

ಎರಡನೆಯದು ಮಾವನವರದು. ವಯಸ್ಸಾದವರಲ್ಲಿ ಹೊಟ್ಟೆಯ ಗೋಡೆ ಬಲ ಕಳೆದುಕೊಂಡು ಹರ್ನಿಯಾ ಬರುತ್ತದೆ. ಬೀಡಿಯ ಕೆಮ್ಮು, ಮಲಬದ್ಧತೆ, ಪ್ರಾಸ್ಟೇಟ್ ಊದಿ ಮೂತ್ರಕ್ಕೆ ತಿಣುಕುವುದು, ದಿನವೂ ಭಾರ ಹೊರುವುದು, ಇವೆಲ್ಲ ಅದಕ್ಕೆ ಸೇರಿಕೊಳ್ಳುತ್ತವೆ. ಅಷ್ಟಾಗಿ ತೊಂದರೆ ಕೊಡದ ಹರ್ನಿಯಾ ಇರುವ ಗಂಡಸರು ಡಾಕ್ಟರ ಕಣ್ಣಿನಡಿ ಕಾದು ನೋಡಬಹುದು ಎಂದು ಅಮೆರಿಕದಲ್ಲಿ 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಹಾಗೆ ಕಾದವರನ್ನು ಮುಂದೆಯೂ ಗಮನಿಸಿದಾಗ, ಹತ್ತು ವರ್ಷದೊಳಗೆ ಮೂವರಲ್ಲಿ ಸುಮಾರು ಇಬ್ಬರು ಆಪರೇಷನ್ ಮಾಡಿಸಿಕೊಂಡಿದ್ದರು, ಹೆಚ್ಚಿನವರು ನೋವು ಶುರುವಾಗಿದ್ದಕ್ಕೆ. ಮಾವನವರು ಇಷ್ಟು ವರ್ಷ ಚೆನ್ನಾಗಿದ್ದದ್ದು ಸಂತೋಷ. ಆದರೆ ಡಾಕ್ಟರು ನೋಡಿ ಕಾಯೋಣ ಅನ್ನುವುದು ಬೇರೆ, ಯಾರಿಗೂ ತೋರಿಸದೆ ಪಂಚೆಯೊಳಗೆ ಮುಚ್ಚಿಟ್ಟುಕೊಳ್ಳುವುದು ಬೇರೆ. ಮೊಮ್ಮಗನ ನೆಪದಲ್ಲಿ ಅವರನ್ನೂ ಒಮ್ಮೆ ತೋರಿಸಿದರೆ ಒಳ್ಳೆಯದು.

ಎಳೆ ಮಗುವಿನ ವಿಷಯದಲ್ಲಿ ವರ್ಷಗಟ್ಟಲೆ ಕಾಯಲು ಬರುವುದಿಲ್ಲ. ದಾರಿ ಕಿರಿದು, ಕರುಳು ಸಿಕ್ಕಿಕೊಳ್ಳುವ ಅಪಾಯ ಮೊದಲ ವರ್ಷದಲ್ಲೇ ಹೆಚ್ಚು. ಹಾಗಾದರೆ ಸರ್ಜನ್ ಒಂದು ತಿಂಗಳು ಬಿಟ್ಟು ಬನ್ನಿ ಅಂದದ್ದೇಕೆ ಎಂದು ಮನೆಯಲ್ಲಿ ಕೇಳಬಹುದು. ಬೇಗ ಹುಟ್ಟಿದ ಮಕ್ಕಳಿಗೆ ಅರಿವಳಿಕೆ ಕೊಟ್ಟ ಮೇಲೆ ಉಸಿರು ನಡುನಡುವೆ ನಿಲ್ಲುವ ಭಯ ಇರುತ್ತದೆ. ಮಗು ಬಲಿತಂತೆ ಆ ಭಯ ಕಡಿಮೆಯಾಗುತ್ತದೆ. ಬೇಗ ಹುಟ್ಟಿದ ಮಕ್ಕಳ ಮೇಲೆ ಅಮೆರಿಕದ ಆಸ್ಪತ್ರೆಗಳಲ್ಲಿ ನಡೆಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ, ತಾಯಿಯ ಕೊನೆಯ ಮುಟ್ಟಿನಿಂದ ಲೆಕ್ಕ ಹಾಕಿ 55 ವಾರ ದಾಟಿದ ಮೇಲೆ ಆಪರೇಷನ್ ಇಟ್ಟುಕೊಂಡ ಗುಂಪಿನಲ್ಲಿ ಗಂಭೀರ ತೊಂದರೆಗಳು ಕಡಿಮೆ ಕಂಡವು. ನಿಮ್ಮ ಮಗ ಹೆಚ್ಚುಕಡಿಮೆ ಆ ಲೆಕ್ಕದ ಹತ್ತಿರ ಬರುತ್ತಿದ್ದಾನೆ. ಸರ್ಜನ್ ಹೇಳಿದ ಒಂದು ತಿಂಗಳ ಹಿಂದೆ ಇಂಥ ಲೆಕ್ಕಾಚಾರ ಇರುತ್ತದೆ. ಅದನ್ನು ‘ಅವಸರವಿಲ್ಲ, ದೊಡ್ಡವನಾಗಲಿ’ ಎಂದು ಹಿಗ್ಗಿಸಿಕೊಳ್ಳಬೇಡಿ. ಹೇಳಿದ ದಿನಕ್ಕೆ ಹೋಗಿ.

ಆಪರೇಷನ್ ಅಂದರೆ ನೀವು ಕಲ್ಪಿಸಿಕೊಂಡಷ್ಟು ದೊಡ್ಡದಲ್ಲ. ಹೊಟ್ಟೆಯ ಕೆಳಗೆ, ಚರ್ಮದ ಮಡಿಕೆಯಲ್ಲಿ ಒಂದೆರಡು ಸೆಂಟಿಮೀಟರ್ ಗಾಯ. ವೃಷಣಕ್ಕೆ ಹೋಗುವ ರಕ್ತನಾಳ ಮತ್ತು ವೀರ್ಯನಾಳವನ್ನು ಜೋಪಾನವಾಗಿ ಬೇರ್ಪಡಿಸಿ, ಕರುಳನ್ನು ಒಳಗೆ ಸೇರಿಸಿ, ಸಂಚಿಯ ಬಾಯಿಯನ್ನು ದಾರದಿಂದ ಕಟ್ಟುತ್ತಾರೆ. ದೊಡ್ಡವರಿಗೆ ಹಾಕುವಂತೆ ಬಲೆ ಹಾಕುವುದಿಲ್ಲ, ಏಕೆಂದರೆ ಮಗುವಿನ ಗೋಡೆ ಗಟ್ಟಿಯಾಗಿಯೇ ಇರುತ್ತದೆ. ತಿಂಗಳು ತುಂಬಿ ಹುಟ್ಟಿದ ದೊಡ್ಡ ಮಕ್ಕಳನ್ನು ಅಂದೇ ಮನೆಗೆ ಕಳಿಸುವುದುಂಟು. ನಿಮ್ಮ ಮಗನನ್ನು ಒಂದು ರಾತ್ರಿ ಇರಿಸಿಕೊಂಡು ಉಸಿರಾಟ ನೋಡಬಹುದು, ಅದಕ್ಕೆ ಹೆದರಬೇಡಿ. ಮುಂದೆ ಮದುವೆ, ಮಕ್ಕಳು ಎಂಬ ಚಿಂತೆ ಮನೆಯ ಹಿರಿಯರಿಗೆ ಇರುತ್ತದೆ, ಬಾಯಿಬಿಟ್ಟು ಕೇಳುವುದಿಲ್ಲ ಅಷ್ಟೇ. ಪಳಗಿದ ಮಕ್ಕಳ ಸರ್ಜನ್ ಕೈಯಲ್ಲಿ ವೃಷಣಕ್ಕೆ ಪೆಟ್ಟಾಗುವುದು ಅಪರೂಪ. ಕರುಳು ಸಿಕ್ಕಿಕೊಂಡು ರಕ್ತ ಓಡಾಟ ನಿಂತಾಗಲೇ ವೃಷಣಕ್ಕೆ ಹೆಚ್ಚು ಅಪಾಯ. ಕೆಲವು ಮಕ್ಕಳಿಗೆ ಮುಂದೆ ಇನ್ನೊಂದು ಬದಿಯಲ್ಲೂ ಹರ್ನಿಯಾ ಬರಬಹುದು. ಬಂದರೆ ಅದೂ ನಿಮ್ಮ ತಪ್ಪಾಗಿರುವುದಿಲ್ಲ. ಈಗಲೇ ಹೇಳಿಟ್ಟಿದ್ದೇನೆ.

ಅಲ್ಲಿಯವರೆಗೆ ಮಾಡಬೇಕಾದ ಕೆಲವು ಕೆಲಸಗಳಿವೆ.

ಅಪಾಯದ ಗುರುತುಗಳನ್ನು ಮನೆಯ ಎಲ್ಲರೂ ತಿಳಿದಿರಲಿ. ಮಗು ಸಮಾಧಾನವಾಗಿದ್ದಾಗಲೂ ಉಬ್ಬು ಒಳಗೆ ಹೋಗದೆ ಗಟ್ಟಿಯಾಗಿ ನಿಂತರೆ, ಮುಟ್ಟಿದರೆ ಚೀರಿದರೆ, ಅಳು ನಿಲ್ಲದಿದ್ದರೆ, ಹಾಲು ಬೇಡವೆಂದರೆ, ವಾಂತಿಯಾದರೆ, ಅದರಲ್ಲೂ ಹಸಿರು ವಾಂತಿಯಾದರೆ, ಹೊಟ್ಟೆ ಉಬ್ಬರಿಸಿದರೆ, ಉಬ್ಬಿನ ಮೇಲಿನ ಚರ್ಮ ಕೆಂಪಾದರೆ ಇಲ್ಲವೇ ನೀಲಿಯಾದರೆ ಬೆಳಗಾಗಲಿ ಎಂದು ಕಾಯಬೇಡಿ. ಬಲವಂತವಾಗಿ ಒತ್ತಿ ಒಳಗೆ ತಳ್ಳಬೇಡಿ. ಹಾಲು ಕುಡಿಸದೆ, 108 ಕರೆದು, ಮಕ್ಕಳ ಸರ್ಜನ್ ಇರುವ ಆಸ್ಪತ್ರೆಗೆ ಹೊರಡಿ. ಯಾವ ಆಸ್ಪತ್ರೆ, ಎಷ್ಟು ದೂರ, ರಾತ್ರಿ ಯಾರ ಗಾಡಿ ಎಂಬುದನ್ನು ನಿಮ್ಮ ಯಜಮಾನರು ಈಗಲೇ ವಿಚಾರಿಸಿಟ್ಟುಕೊಳ್ಳಲಿ. ಅತ್ತ ಹೂಂ ಇತ್ತ ಹೂಂ ಅನ್ನುತ್ತಿರುವವರಿಗೆ ಒಂದು ಖಚಿತ ಕೆಲಸ ಕೊಟ್ಟರೆ ಅವರೂ ಜೊತೆಗೆ ನಿಲ್ಲುತ್ತಾರೆ.

ಗಂಟೆಗೊಮ್ಮೆ ಬಟ್ಟೆ ಸರಿಸಿ ನೋಡುವುದನ್ನು ಇಂದಿನಿಂದ ಬಿಡಿ. ಒದ್ದೆ ಬಟ್ಟೆ ಬದಲಿಸುವಾಗ ಒಮ್ಮೆ, ಅವನು ತುಂಬಾ ಅಳುತ್ತಿರುವಾಗ ಒಮ್ಮೆ ನೋಡಿದರೆ ಸಾಕು. ಮಲಗಿದಾಗ ಒಳಗೆ ಹೋಗುವ ಮೆತ್ತನೆಯ ಉಬ್ಬು ಕಂಡರೆ ಗಾಬರಿ ಬೇಡ. ಉಬ್ಬು ಚೆನ್ನಾಗಿ ಕಾಣುವಾಗ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ. ಡಾಕ್ಟರ ಎದುರು ಮಕ್ಕಳು ಹಾಯಾಗಿ ನಿದ್ದೆ ಮಾಡುತ್ತವೆ, ಉಬ್ಬು ಕಾಣುವುದೇ ಇಲ್ಲ. ಆಗ ಆ ಫೋಟೋ ಅವರ ಕೆಲಸಕ್ಕೆ ಬರುತ್ತದೆ. ಮಗು ಅತ್ತರೆ ಎತ್ತಿಕೊಳ್ಳಿ, ಸಮಾಧಾನ ಮಾಡಿ, ಎಲ್ಲ ತಾಯಂದಿರೂ ಮಾಡುವಂತೆ. ಆದರೆ ನೀವು ಎರಡು ತುತ್ತು ಉಣ್ಣುವಷ್ಟು ಹೊತ್ತು ಅವನು ತೊಟ್ಟಿಲಲ್ಲಿ ಅತ್ತರೆ ಹರ್ನಿಯಾ ಹೊಸದಾಗಿ ಹುಟ್ಟುವುದಿಲ್ಲ.

ಅತ್ತೆಯವರನ್ನು ಮುಂದಿನ ಸಲ ಸರ್ಜನ್ ಹತ್ತಿರ ಕರೆದುಕೊಂಡು ಹೋಗಿ. ಸೊಸೆಯ ಬಾಯಲ್ಲಿ ಕೇಳಿದರೆ ವಾದವಾಗುವ ಮಾತು ಡಾಕ್ಟರ ಬಾಯಲ್ಲಿ ಕೇಳಿದರೆ ತಿಳುವಳಿಕೆಯಾಗುತ್ತದೆ. ನಾಣ್ಯದ ಪ್ರಶ್ನೆಯನ್ನು ಅವರೇ ಕೇಳಲಿ. ‘ಅತ್ತೀ, ನಾದಿನಿ ಮಗಳಿಗೆ ಹೊಕ್ಕುಳದಾಗ ಇತ್ತು, ಇವನಿಗೆ ತೊಡೆಸಂದ್ಯಾಗ ಐತಿ, ಎರಡೂ ಬ್ಯಾರೆ ಅಂತ, ನೀವ ಒಮ್ಮೆ ಡಾಕ್ಟರಿಗೆ ಕೇಳ್ರಿ’ ಅನ್ನಿ. ನಾಣ್ಯ ಕಟ್ಟುವ ಮಾತು ಬಂದಾಗ ಮಾತ್ರ ಮೆತ್ತಗಾಗಬೇಡಿ. ದನಿ ಏರಿಸದೆ, ಬೇಡವೆಂದು ಹೇಳಿ ಅಲ್ಲಿಗೇ ನಿಲ್ಲಿಸಿ. ಆ ಹಕ್ಕು ನಿಮಗಿದೆ.

ದುಡ್ಡಿನ ಚಿಂತೆಯಿದ್ದರೆ, ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಒಂದು ವರ್ಷದೊಳಗಿನ ಮಗುವಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಉಚಿತ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯನ್ನೂ ವಿಚಾರಿಸಿ. ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ಇದರ ದಾರಿ ಗೊತ್ತಿರುತ್ತದೆ. ತಾಯಿ ಕಾರ್ಡು, ಡಿಸ್ಚಾರ್ಜ್ ಚೀಟಿ, ಆಧಾರ್, ರೇಷನ್ ಕಾರ್ಡು ಒಂದೇ ಕವರಿನಲ್ಲಿ ಇಟ್ಟುಕೊಳ್ಳಿ.

ಕೊನೆಯದಾಗಿ ನಿಮ್ಮ ಬಗ್ಗೆ. ಪತ್ರದ ತುಂಬಾ ಮಗನಿದ್ದಾನೆ, ನೀವು ಒಂದೆರಡು ಸಾಲಿನಲ್ಲಿ ಮಾತ್ರ ಇದ್ದೀರಿ. ಊಟ ಸೇರುತ್ತಿಲ್ಲ, ರಾತ್ರಿಯೆಲ್ಲ ಕೂತೇ ಇರುತ್ತೇನೆ ಎಂದ ಸಾಲುಗಳು ನನ್ನನ್ನು ಹೆಚ್ಚು ಕಾಡಿದವು. ರಾತ್ರಿಯಲ್ಲಿ ಕನಿಷ್ಠ ನಾಲ್ಕು ಗಂಟೆ ಮಗುವನ್ನು ಯಜಮಾನರ ಅಥವಾ ಅತ್ತೆಯವರ ಮಗ್ಗುಲಿಗೆ ಬಿಟ್ಟು, ಹಾಲೂಡಿಸಲು ಮಾತ್ರ ಎದ್ದು, ನಿದ್ದೆ ಮಾಡಿ. ಹೀಗೆ ಮಾಡಿದ ಮೇಲೂ ಎರಡು ವಾರ ನಿದ್ದೆ ಬಾರದಿದ್ದರೆ, ಅಳು ಉಕ್ಕಿ ಬರುತ್ತಿದ್ದರೆ, ನಾನು ಬದುಕಿರುವುದೇ ಬೇಡ ಎಂಬಂಥ ಯೋಚನೆ ಒಂದು ಸಲ ಸುಳಿದರೂ, ಅದು ಬಾಣಂತಿಯರಿಗೆ ಬರುವ ಖಿನ್ನತೆ ಇರಬಹುದು. ಅದು ನಿಮ್ಮ ದೌರ್ಬಲ್ಯವಲ್ಲ, ಚಿಕಿತ್ಸೆಯಿಂದ ವಾಸಿಯಾಗುವ ಕಾಯಿಲೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಾಗಲಿ ರಾತ್ರಿಯಾಗಲಿ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತನಾಡುತ್ತಾರೆ. ನಿಮ್ಮ ಹೆರಿಗೆ ಡಾಕ್ಟರಿಗೂ ಹೇಳಿ.

ಇದನ್ನು ಓದುತ್ತಿರುವ ಉಳಿದವರಿಗೂ ಒಂದು ಮಾತು. ಹರ್ನಿಯಾ ಹೆಣ್ಣುಮಕ್ಕಳಿಗೂ ಬರುತ್ತದೆ, ಕೆಲವೊಮ್ಮೆ ಅಂಡಾಶಯವೇ ಜಾರಿ ಬರುವುದುಂಟು. ಹಳೇ ಆಪರೇಷನ್ನಿನ ಗಾಯದ ಜಾಗದಲ್ಲೂ ಬರುತ್ತದೆ. ನಾಚಿಕೆಯ ಜಾಗದಲ್ಲಿ ಬರುವುದರಿಂದ ಜನ ಮುಚ್ಚಿಡುತ್ತಾರೆ, ಮುಚ್ಚಿಟ್ಟದ್ದೇ ಕೊನೆಗೆ ಅಪಾಯವಾಗುತ್ತದೆ. ನಿಮ್ಮ ಮನೆಯಲ್ಲಿ ಬಾಣಂತಿಯೊಬ್ಬಳಿದ್ದು ಅವಳ ಕೂಸಿಗೆ ಹೀಗಾಗಿದ್ದರೆ, ಯಾಕೆ ಹೀಗಾಯಿತು ಎಂದು ಅವಳನ್ನು ಕೇಳುವ ಬದಲು ಆಸ್ಪತ್ರೆಗೆ ಯಾವಾಗ ಹೋಗೋಣ ಎಂದು ಕೇಳಿ.

ನಿಮಗೆ, ತಾಯಿ, ಇವತ್ತಿಗೆ ಎರಡೇ ಕೆಲಸ. ಸರ್ಜನ್‌ಗೆ ಫೋನ್ ಮಾಡಿ ಆಪರೇಷನ್ ದಿನ ಬರೆಸಿಕೊಳ್ಳಿ. ಆಮೇಲೆ ಹೊಟ್ಟೆ ತುಂಬಾ ಊಟ ಮಾಡಿ.